ಪಿಪ್ಪಿನ ಬಾಲ್ಯ

ಡಾರ್ವಿನ್ ಪಟ್ಟಣದ ಕಡಲಂಚಿನ ಕಾಂಡ್ಲಾ ಕಾಡಿನಲ್ಲಿ ಇಳಿತದ ಹೊತ್ತಿಗೆ ಕೆಸರು ಉಸಿರಾಡುತ್ತದೆ. ನೀರಾಚೆಯೂ ಬದುಕುವ ಇಲ್ಲಿನ ಮೀನುಗಳು ಈಜುರೆಕ್ಕೆಯೂರಿ ದಡ ಹತ್ತಿ, ಕನಸು ಕಾಣುವವರ ಹಾಗೆ ಬಿಸಿಲಿಗೆ ಕೂರುತ್ತವೆ. ಅವತ್ತು ಅವುಗಳ ನಡುವೆ ನನ್ನ ಪಿಪ್ ನಡೆಯುತ್ತಿತ್ತು. ಬೆಕ್ಕಿನಷ್ಟು ದೊಡ್ಡ ರೋಬೋ, ನಾಲ್ಕು ಕಾಲು.

ಅದು ನಡೆಯುತ್ತಲೇ ಹುಟ್ಟಿದ್ದಲ್ಲ. ಮೊದಮೊದಲು ನಾವು ಕಂಪ್ಯೂಟರಿನೊಳಗೆ ತಲೆಮಾರುಗಟ್ಟಲೆ ರೋಬೋಗಳನ್ನು ಬೆಳೆಸಿ, ಹೆಚ್ಚು ದೂರ ಹೋದವಕ್ಕೆ ಮಾತ್ರ ಸಂತಾನ ಎಂದು ವಿಧಿಸಿದ್ದೆವು. ಅವು ಮಹಾ ಕಿಲಾಡಿಗಳು. ತೆಂಗಿನಮರದಂತೆ ಉದ್ದಕ್ಕೆ ಬೆಳೆದು ದೊಪ್ಪನೆ ಮುಂದಕ್ಕೆ ಬಿದ್ದವು. ಬಿದ್ದಷ್ಟೂ ದೂರವೇ ತಾನೇ? ನಡೆಯುವ ಗೊಡವೆಗೆ ಒಂದೂ ಹೋಗಲಿಲ್ಲ.

ಆಗ ನನಗೆ ಕಾಲಿಲ್ಲದೆ ಹುಟ್ಟುವ ಕಪ್ಪೆಮರಿ ನೆನಪಾಯಿತು. ಪಿಪ್ಪನ್ನೂ ಹೊಟ್ಟೆಯ ಮೇಲೆ ಬಿಟ್ಟೆ. ಅದು ತೆವಳುವುದನ್ನು ಕಲಿತಂತೆಲ್ಲ ಒಳಗೆ ಮಡಚಿಟ್ಟ ಕಾಲುಗಳು ಇಷ್ಟಿಷ್ಟೇ ಹೊರಗೆ ಬಂದವು.

ಕಾಲು ಮಾಡಿಕೊಟ್ಟ ನನ್ನ ಸಹೋದ್ಯೋಗಿ ಕಾರ್ವಿನ್‌ಗೆ ಈ ನಿಧಾನ ಹಿಡಿಸಿರಲಿಲ್ಲ. “ಇಮೆಲ್ಡಾ, ನಿನ್ ಕೂಸಿಗೆ ಹಾಲು ಬಿಡ್ಸೋದು ಯಾವಾಗಮ್ಮಾ?” ಎಂದು ದಿನವೂ ಕಾಡುತ್ತಿದ್ದ.

“ಅಷ್ಟು ಅವಸರ ಇದ್ರೆ ನೀನೇ ತೆವ್ಳು,” ಎನ್ನುತ್ತಿದ್ದೆ.

ನಿಜವಾದ ಕೆಸರಿನಲ್ಲಿ ಪಿಪ್ಪಿಗೆ ಅದೇ ಮೊದಲ ದಿನ. ಬೇರುಗಳಿಗೆ ಸಿಕ್ಕಿಕೊಳ್ಳುತ್ತದೆಂದು ಹಗ್ಗ ಕಟ್ಟಿರಲಿಲ್ಲ. ಉಬ್ಬರಕ್ಕೆ ಮೊದಲು ಅದು ತಾನಾಗಿಯೇ ಮರಳಬೇಕು, ಇಲ್ಲದಿದ್ದರೆ ಸಮುದ್ರದ ಪಾಲು. ಮೊಸಳೆಗಳಿರುವಲ್ಲಿ ಯಾರೂ ಇಳಿಯುವಂತಿಲ್ಲ; ನಾವಿಬ್ಬರೂ ಮರದ ಅಟ್ಟಣೆಯ ಮೇಲೆ ನಿಂತು ನೋಡುತ್ತಿದ್ದೆವು.

ಮರಳುವ ದಾರಿಯಲ್ಲೇ ಹಿಂಗಾಲು ಬೇರಿಗೆ ಸಿಕ್ಕಿ ಲಟಕ್ಕೆಂದು ಮುರಿಯಿತು. ಪಿಪ್ ವಾಲಿ ನಿಂತುಬಿಟ್ಟಿತು. ಅದರ ಹಿಂದೆ ನೀರು ಸದ್ದಿಲ್ಲದೆ, ಬೆಳ್ಳಗೆ, ಒಳಗೆ ಬರುತ್ತಿತ್ತು.

“ನಾನ್ ಇಳೀತೀನಿ,” ಎಂದ ಕಾರ್ವಿನ್, ಕೈಯಲ್ಲಿ ಅರ್ಧ ತಿಂದ ಮಾಂಸದ ಪೈ.

“ಸುಮ್ನೆ ನಿಂತ್ಕೊಳೋ. ಮೊಸಳೆಗೆ ನಿನ್ ಪೈಗಿಂತ ನೀನೇ ರುಚಿ.”

ಬೈದೆನಾದರೂ ನನ್ನ ಕಣ್ಣು ತುಂಬಿತ್ತು. ನೀರು ಪಿಪ್ಪಿನ ಮುರಿದ ಕಾಲನ್ನು ಮುಟ್ಟಿತು.

ಆಗ ಅದು ಉಳಿದ ಕಾಲುಗಳನ್ನು ಒಂದೊಂದಾಗಿ ಮಡಚಿಕೊಂಡಿತು. ಮೆಲ್ಲಗೆ ಹೊಟ್ಟೆಯ ಮೇಲೆ ಮಲಗಿತು. ಮೈಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಳುಕಿಸಿತು. ಯಾರೂ ಹೇಳಿರಲಿಲ್ಲ. ಕೂಸಾಗಿದ್ದಾಗ ಕಲಿತದ್ದನ್ನು ಅದು ಮರೆತಿರಲಿಲ್ಲ. ಮೀನುಗಳು ಪಕ್ಕಕ್ಕೆ ಕುಪ್ಪಳಿಸಿ ದಾರಿ ಬಿಟ್ಟವು. ನೀರಿಗಿಂತ ಒಂದು ಗೇಣು ಮುಂದೆ, ತೆವಳುತ್ತ ತೆವಳುತ್ತ, ಅದು ನಮ್ಮ ಅಟ್ಟಣೆಯ ಮೆಟ್ಟಿಲಿಗೆ ಬಂತು.

ಕಾರ್ವಿನ್ ಪೈ ಎಸೆದು ಮಂಡಿಯೂರಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅಂಗಿಯ ತುದಿಯಿಂದ ಹೊಟ್ಟೆಯ ಕೆಸರು ಒರೆಸಿದ.

“ಹೊಸ ಕಾಲು ಯಾವಾಗ ಮಾಡ್ಕೊಡ್ತೀಯ?” ಎಂದೆ.

“ಅದಕ್ಕೇನ್ ಅವಸರ,” ಎಂದ, ಇನ್ನೂ ಒರೆಸುತ್ತಲೇ.