ಸೆರಗಿನ ಕೊಂಡಿಗೆ ಇಬ್ಬರು

ಬೇಸಿಗೆ ಏರುತ್ತಿದ್ದ ದಿನಗಳು, ಹೊಸ್ತಿಲಿಗೆ ಬಿಸಿಲು ಬರುವ ಹೊತ್ತು. ಇಳಕಲ್ಲಿನಲ್ಲಿ ಸೀರೆ ನೇಯುವ ಸಾವಿತ್ರೆವ್ವನನ್ನು ಬಾಗಲಕೋಟೆಗೆ ಕರೆದೊಯ್ಯಲು ತಮ್ಮ ಶಿವಪ್ರಕಾಶ ಬಂದ. ಗಂಡ ತೀರಿದಾಗಿನಿಂದ ಆಕೆಗೆ ನಿದ್ದೆ ಹತ್ತುತ್ತಿರಲಿಲ್ಲ, ಕೂತಲ್ಲೇ ಎದೆ ಹಾರುತ್ತಿತ್ತು. ದವಾಖಾನೆಯಲ್ಲಿ ಎಲ್ಲ ನೋಡಿ, ಇದು ಚಿಂತೆಯಿಂದಾದದ್ದು, ಆರಾಮ ಮಾಡಲಿ ಎಂದಿದ್ದರು. ಆರಾಮವೆಂದರೆ ಮಗ್ಗವೂ ಬಂದ್, ಮಾತೂ ಬಂದ್ ಎಂದು ತಮ್ಮ ತಿಳಿದ. ಅಲ್ಲಿ ವಿದ್ಯಾಗಿರಿ ಬಡಾವಣೆಯ ತನ್ನ ಮನೆಯಲ್ಲಿ ಮಾಳಿಗೆ ಮೇಲಿನ ಖೋಲಿಗೆ ಸುಣ್ಣ ಹೊಡೆಸಿಟ್ಟಿದ್ದ.

ನೆರೆಮನೆಯ ಲಾಡಬಿ ಆಗಲೇ ಮಗ್ಗದ ಮುಂದೆ ಕೂತಿದ್ದಳು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಸಾವಿತ್ರೆವ್ವ ಮದುವೆಯಾಗಿ ಬಂದಾಗಿನಿಂದ ಅದಕ್ಕೆ ಇವರಿಬ್ಬರದೇ ಜೋಡಿ.

“ಲಾಡಬವ್ವ, ಇನ್ನ ನೀವು ಬರಬ್ಯಾಡ್ರಿ. ಅಕ್ಕಗ ದಣಿವಾಗ್ತೈತಿ” ಎಂದ ಶಿವಪ್ರಕಾಶ.

“ದಣಿವು ಎಲ್ಲೀದೋ ತಮ್ಮಾ? ನಿನ್ನಿ ನನ್ನ ಬೈಕೋತ ಬೈಕೋತ ಎರಡು ರೊಟ್ಟಿ ತಿಂದಾಳ” ಎಂದಳು ಲಾಡಬಿ.

ಸಾವಿತ್ರೆವ್ವ ಕೈಯಲ್ಲಿನ ಎಳೆ ಬಿಡಲಿಲ್ಲ. “ನಾ ಬರಂಗಿಲ್ಲ. ಆ ಖೋಲ್ಯಾಗ ಗ್ವಾಡಿ ನೋಡ್ಕೋತ ಕುಂತ್ರ ಎದಿ ಇನ್ನಷ್ಟು ಹಾರ್ತೈತಿ. ಗಂಡನ್ನ ಮಣ್ಣಿಗೆ ಕೊಟ್ಟೇನಿ, ಈ ಲಾಡಬಿನ್ನೂ ಯಾಕ ಬಿಡ್ಲಿ?”

“ಡಾಕ್ಟರ್ ಹೇಳ್ಯಾರಲ್ಲ ಅಕ್ಕಾ.”

“ಆರಾಮ ಮಾಡು ಅಂದಾರ. ಮಾಡಾಕತ್ತೇನಿ. ನೀ ಸರದು ಕುಂಡ್ರು, ಬೆಳಕು ಅಡ್ಡ ಆಗ್ತೈತಿ.”

ಮಧ್ಯಾಹ್ನ ಸೆರಗು ಕೂಡಿತು. ಇಬ್ಬರೂ ಮಗ್ಗದ ಪಕ್ಕದಲ್ಲೇ ಅಡ್ಡಾದರು. ಅಕ್ಕ ಗೊರಕೆ ಹೊಡೆಯುವುದನ್ನು ಕೇಳುತ್ತ ಶಿವಪ್ರಕಾಶ ಬಹಳ ಹೊತ್ತು ಕೂತ. ಎಬ್ಬಿಸಲು ಮನಸ್ಸಾಗಲಿಲ್ಲ.

ಮರುದಿನ, ಗುರುವಾರ, ಬಾಗಲಕೋಟೆಯ ಮೊದಲ ಬಸ್ಸಿಗೆ ಅವನೊಬ್ಬನೇ ಹೋದ.