ಹೊಗೆ ನೋಡಿ ಒತ್ತಬೇಕು

ನನ್ನ ಸ್ಟಾಪ್‌ವಾಚನ್ನು ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲಿನ ಮೇಲೆ ಮಲಗಿಸಿದ್ದರು. ಬದುಕಿದ್ದಾಗ ಅದಕ್ಕೆ ಇಷ್ಟು ಮೆತ್ತನೆಯ ಹಾಸಿಗೆ ಸಿಕ್ಕಿರಲಿಲ್ಲ. ಮೂವತ್ತು ವರ್ಷ ನನ್ನ ಪ್ಯಾಂಟಿನ ಜೇಬಿನಲ್ಲಿ ಸೀಮೆಸುಣ್ಣದ ಚೂರುಗಳ ಜೊತೆ ಒದ್ದಾಡಿದ ಗಡಿಯಾರ ಅದು. ಪಕ್ಕದಲ್ಲಿ ಒಂದು ಫಲಕ: ‘ನೂರು ಮೀಟರ್ ದಾಖಲೆಯನ್ನು ಹಿಡಿದ ಗಡಿಯಾರ. ಮೂರು ಗಡಿಯಾರಗಳೂ ಒಂದೇ ಅಂಕಿ ತೋರಿಸಿದ ಅಪರೂಪದ ಓಟ. ಹತ್ತು ಪಾಯಿಂಟ್ ಐದು ಸೆಕೆಂಡು.’

ಓದಿ ಮೈ ಉರಿಯಿತು. ಮೂರು ಬೇರೆ ಬೇರೆ ಹೆಬ್ಬೆರಳು ಒತ್ತಿದ ಗಡಿಯಾರಗಳು ಹೀಗೆ ಒಂದೇ ರಾಗ ಹಾಡಿದರೆ ಬುದ್ಧಿ ಇದ್ದವರಿಗೆ ಅನುಮಾನ ಬರಬೇಕು. ಇವರು ಅದನ್ನೇ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದರು.

ನಾನು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ರಜೆಯ ದಿನಗಳಲ್ಲಿ ಓಟದ ಪಂದ್ಯಗಳಿಗೆ ಮುಖ್ಯ ಸಮಯಪಾಲಕ. ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ಮ್ಯೂಸಿಯಂ ಆಗಿದೆ, ನೀವು ಬರಲೇಬೇಕು ಎಂದು ಕಾಗದ ಬಂದಾಗ ಹರಿದು ಹಾಕುವವನಿದ್ದೆ. ಆದರೆ ಕಾಗದ ಮೊದಲು ನನ್ನವಳ ಕೈಗೆ ಸಿಕ್ಕಿತ್ತು. ಅವಳಿಗೆ ಬೇಕಿದ್ದದ್ದು ಒಂದೇ. ಅಲ್ಲಿನ ಕೀರ್ತಿಯ ಗೋಡೆಯ ಮೇಲೆ ಅವಳ ಅಣ್ಣನ ಫೋಟೊ ಇದೆಯೋ ಇಲ್ಲವೋ ನೋಡಬೇಕು.

ಅವಳ ಅಣ್ಣ, ನನ್ನ ಭಾವ, ಸೈಕಲ್ ಅಂಗಡಿಯವನು. ಒಂದು ಕಾಲದಲ್ಲಿ ನೂರು ಮೀಟರನ್ನು ಹತ್ತು ಪಾಯಿಂಟ್ ಆರರಲ್ಲಿ ಓಡಿ ದಾಖಲೆ ಮಾಡಿದ್ದ. ಆರು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಅಂಚೆ ಇಲಾಖೆಯ ಒಬ್ಬ ಹುಡುಗ ಮುರಿದ. ಭಾವ ತೀರಿಕೊಂಡು ಈಗ ನಾಲ್ಕು ವರ್ಷ.

ಗೋಡೆಯ ಮೇಲೆ ಅಂಚೆಯವನು ಆಳೆತ್ತರದ ಫೋಟೊದಲ್ಲಿ ನಗುತ್ತಿದ್ದ. ನನ್ನವಳು ಆ ತುದಿಯಿಂದ ಈ ತುದಿಯವರೆಗೆ ಎರಡು ಸಲ ನಡೆದಳು. ಕತ್ತಿಗೆ ಬೀಗದ ಕೈಗೊಂಚಲು ನೇತು ಹಾಕಿಕೊಂಡಿದ್ದ ಮ್ಯೂಸಿಯಂ ಅಧಿಕಾರಿಣಿ ಮೃದುವಾಗಿ ಹೇಳಿದಳು: “ಕೈಯಿಂದ ಗಡಿಯಾರ ಒತ್ತುತ್ತಿದ್ದ ಕಾಲದಲ್ಲಿ ಕೊನೇ ದಾಖಲೆ ಯಾರದ್ದೋ ಅವರಿಗೆ ಮಾತ್ರ ಇಲ್ಲಿ ಜಾಗ, ಅಮ್ಮ. ಅದಾದ ಮೇಲೆ ಎಲ್ಲಾ ಯಂತ್ರದ ಲೆಕ್ಕ.”

“ಹಾಗಾದ್ರೆ ಒಂದೇ ಒಂದು ಹತ್ತನೇ ಭಾಗದಲ್ಲಿ ತಪ್ಪಿಹೋಯ್ತು” ಎಂದಳು ನನ್ನವಳು. ಅಳಲಿಲ್ಲ. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಪಕ್ಕದ ಕೋಣೆಯಲ್ಲಿ ಆಟಗಳಿದ್ದವು. ಜಿಗಿದರೆ ಎತ್ತರ ಹೇಳುವ ನೆಲ, ಚೆಂಡು ಎಸೆದರೆ ವೇಗ ಹೇಳುವ ಬಲೆ. ಮೂಲೆಯಲ್ಲಿ ‘ನೀವೇ ಸಮಯಪಾಲಕರು’ ಎಂಬ ಫಲಕ, ಕೆಳಗೆ ಒಂದು ಗುಂಡಿ, ಎದುರಿನ ದೊಡ್ಡ ಪರದೆಯಲ್ಲಿ ನೂರು ಮೀಟರ್ ದೂರದ ಓಟಗಾರರು. ನನ್ನವಳು ಹೋಗಿ ಅದರ ಮುಂದೆ ನಿಂತಳು. ಮೂವತ್ತು ವರ್ಷ ನಾನು ಮಾಡಿದ ಕೆಲಸ ಏನೆಂದು ಅವಳು ಒಂದು ದಿನವೂ ಕಂಡವಳಲ್ಲ.

ಪರದೆಯಲ್ಲಿ ಪಿಸ್ತೂಲಿನಿಂದ ಬಿಳಿ ಹೊಗೆ ಎದ್ದಿತು. ಆಮೇಲೆ ‘ಢಂ’ ಎಂದಿತು. ಅವಳು ಒತ್ತಿದಳು. ‘ನೀವು ಓಟಗಾರನಿಗೆ ಸೆಕೆಂಡಿನ ಮೂರು ಹತ್ತನೇ ಭಾಗ ದಾನ ಮಾಡಿದಿರಿ’ ಎಂದು ಅಕ್ಷರಗಳು ಮೂಡಿದವು.

“ಇದೇನ್ರೀ, ಸದ್ದು ಕೇಳಿದ ತಕ್ಷಣ ಒತ್ತಿದ್ನಲ್ಲ!”

“ಹೊಗೆ ನೋಡಿ ಒತ್ತಬೇಕು. ಸದ್ದು ಅಷ್ಟು ದೂರದಿಂದ ನಡ್ಕೊಂಡು ಬರೋ ಹೊತ್ತಿಗೆ ಓಡೋನು ಓಡಿರ್ತಾನೆ. ಗಡಿಯಾರ ತಡವಾಗಿ ಶುರುವಾದ್ರೆ ಸಮಯ ಕಮ್ಮಿ ತೋರಿಸುತ್ತೆ.”

“ಅಂದ್ರೆ ಹೊಗೆ ತಪ್ಪಿಸಿಕೊಂಡ್ರೆ ಓಡಿದವನಿಗೆ ಲಾಭ.”

“ಹೌದು.”

“ನಿಮಗೆ ಯಾವತ್ತಾದ್ರೂ ತಪ್ಪಿಹೋಗಿತ್ತಾ?”

ಅವಳು ಸುಮ್ಮನೆ ಕೇಳಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಜೇಬಿಗೆ ಹೋಯಿತು. ಅಲ್ಲಿ ಗಡಿಯಾರವಿರಲಿಲ್ಲ. ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು. ಗುಂಡಿಯಿಂದ ಬೆರಳು ತೆಗೆದಳು.

“ಒಂದು ಸಲ,” ಎಂದೆ. “ಅಂಚೆಯವನು ಓಡಿದ ದಿನ.”

ಆ ದಿನ ಬೆವರು ಕಣ್ಣಿಗಿಳಿದು ಒರೆಸಿಕೊಳ್ಳುತ್ತಿದ್ದೆ. ಹೊಗೆ ಕಾಣಲಿಲ್ಲ, ಸದ್ದಿಗೆ ಒತ್ತಿದೆ. ಒತ್ತಿದ ಕೂಡಲೇ ತಪ್ಪು ಗೊತ್ತಾಯಿತು. ನನ್ನದು ಹತ್ತು ಪಾಯಿಂಟ್ ಐದು. ಉಳಿದ ಇಬ್ಬರು ಕಿರಿಯ ಸಮಯಪಾಲಕರದು ಹತ್ತು ಪಾಯಿಂಟ್ ಎಂಟು. ಮೂರರಲ್ಲಿ ಎರಡು ಒಂದೇ ಇದ್ದರೆ ಅದೇ ಖಾಯಂ, ನಿಯಮ ಅಷ್ಟು ಸರಳ. ಆದರೆ ಆ ಹುಡುಗರು ನನ್ನ ಗಡಿಯಾರ ನೋಡಿ, “ನಮ್ಮ ಬೆರಳೇ ನಿಧಾನ ಆಯ್ತು ಮೇಷ್ಟ್ರೇ” ಎಂದು ತಮ್ಮ ಚೀಟಿಯಲ್ಲಿ ಎಂಟನ್ನು ಹೊಡೆದು ಐದು ಬರೆದರು. ಸಮಯಪಾಲಕರಲ್ಲಿ ಇದೊಂದು ಕೆಟ್ಟ ಚಾಳಿ, ದೊಡ್ಡವರ ಗಡಿಯಾರಕ್ಕೆ ತಮ್ಮದನ್ನು ಹೊಂದಿಸುವುದು.

ನಾನು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲಿಲ್ಲ. ಬಿಟ್ಟರೆ, ಭಾವನ ದಾಖಲೆ ಉಳಿಸಲಿಕ್ಕೆ ಸುಳ್ಳು ಹೇಳಿದ ಎಂದು ಇಡೀ ಮೈದಾನ ಆಡಿಕೊಳ್ಳುತ್ತದೆಂಬ ಅಂಜಿಕೆ. ನ್ಯಾಯವಂತ ಅನ್ನಿಸಿಕೊಳ್ಳುವ ಆಸೆಗೆ ಅನ್ಯಾಯ ಮಾಡಿದೆ.

ಇಷ್ಟನ್ನೂ ನಿಂತಲ್ಲೇ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಯಿತು.

“ಅವತ್ತು ಗ್ಯಾಲರಿಯಲ್ಲಿ ಜನ ಗಲಾಟೆ ಮಾಡಿದ್ರಂತೆ, ಸಮಯ ಸರಿಯಿಲ್ಲ ಅಂತ” ಎಂದಳು. “ಅಣ್ಣನೇ ಎದ್ದು ನಿಂತು ಸುಮ್ಮನಿರಿಸಿದ್ನಂತೆ. ಗಡಿಯಾರ ನನ್ನ ತಂಗಿ ಗಂಡನ ಕೈಯಲ್ಲಿದೆ, ತಪ್ಪಾಗೋಕೆ ಸಾಧ್ಯವೇ ಇಲ್ಲ ಅಂತ.”

“ಗೊತ್ತು. ನನಗೂ ಕೇಳಿಸಿತ್ತು.”

“ಆಮೇಲೆ ಅವನು ಓಡಲೇ ಇಲ್ಲ.”

“ಅದೂ ಗೊತ್ತು.”

“ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಅವನ ಮಂಚದ ಪಕ್ಕ ಕೂತಿದ್ರಲ್ಲ. ಹಾಳು ಮೂಳು ಎಲ್ಲಾ ಮಾತಾಡಿದ್ರಿ. ಇದೊಂದು ಹೇಳಬಹುದಿತ್ತು.”

ಆ ಇಪ್ಪತ್ತೂ ದಿನ ಅದು ಬಾಯಲ್ಲಿಟ್ಟ ಬಿಸಿ ತುಪ್ಪದಂತೆ ಇತ್ತು, ನುಂಗಲೂ ಆಗದೆ ಉಗುಳಲೂ ಆಗದೆ. ಇನ್ನೊಂದು ದಿನ ಅಂದುಕೊಳ್ಳುತ್ತ ಕಿತ್ತಳೆ ಸುಲಿದು ಕೊಡುತ್ತಿದ್ದೆ. ಇಪ್ಪತ್ತೊಂದನೆಯ ದಿನ ಅವನಿರಲಿಲ್ಲ.

“ಹೋಗಿ ಆ ಮ್ಯೂಸಿಯಂ ಹುಡುಗಿಗೆ ಹೇಳಿ” ಎಂದಳು. “ನಾನು ಬರಲ್ಲ. ನಿಮ್ಮ ಬಾಯಿಂದ ಇನ್ನೊಂದು ಸಲ ಕೇಳೋ ಶಕ್ತಿ ಇಲ್ಲ ನನಗೆ.”

ಕಚೇರಿಯಲ್ಲಿ ಅಧಿಕಾರಿಣಿ ಪೂರ್ತಿ ಕೇಳಿಸಿಕೊಂಡಳು. “ಸರ್, ಆ ಇಬ್ಬರು ಈಗ ಇದ್ದಾರಾ?”

“ಇಲ್ಲ. ಅವರ ಚೀಟಿಗಳು ನಿಮ್ಮ ಕಡತದಲ್ಲೇ ಇರಬೇಕು. ತಿದ್ದಿದ್ದು ಕಾಣುತ್ತೆ.”

ಅವಳು ಕಡತ ಹುಡುಕಿ ತಂದಳು. ಹಳದಿಯಾದ ಎರಡು ಚೀಟಿ. ಐದರ ಪಕ್ಕದಲ್ಲಿ, ಅಡ್ಡಗೆರೆಯ ಕೆಳಗೆ, ಎರಡರಲ್ಲೂ ಎಂಟು ಸ್ಪಷ್ಟವಾಗಿ ಕಾಣುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. “ಸಮಿತಿ ಏನು ಮಾಡುತ್ತೋ ಗೊತ್ತಿಲ್ಲ ಸರ್. ನಿಮ್ಮ ಹೆಸರಿಗೂ ಕಳಂಕ ಬರುತ್ತೆ.”

“ಬರಲಿ. ಬರಬೇಕಾಗಿದ್ದೇ.”

ಬಿಳಿ ಹಾಳೆ ಕೊಟ್ಟಳು. ‘ಹೊಗೆ ನೋಡಲಿಲ್ಲ, ಸದ್ದಿಗೆ ಒತ್ತಿದೆ, ತಿಳಿದೂ ಸುಮ್ಮನಿದ್ದೆ’ ಎಂದು ಬರೆದು, ಮುಖ್ಯ ಸಮಯಪಾಲಕ ಎಂದು ಸಹಿ ಹಾಕಿದೆ. ಮೂರು ಸಾಲಿನಲ್ಲಿ ಮುಗಿಯಿತು. ಗೋಡೆ ಗಡಿಯಾರ ನೋಡಿದರೆ ನಾನು ಒಳಗೆ ಬಂದು ಕಾಲು ಗಂಟೆಯೂ ಆಗಿರಲಿಲ್ಲ.

ಹೊರಗೆ ಬಂದಾಗ ನನ್ನವಳು ಇನ್ನೂ ಆ ಗುಂಡಿಯ ಮುಂದೆಯೇ ನಿಂತಿದ್ದಳು. ಪಿಸ್ತೂಲು ಸಿಡಿಯುತ್ತಿತ್ತು, ಅವಳು ಒತ್ತುತ್ತಿದ್ದಳು, ತಪ್ಪುತ್ತಿತ್ತು, ಮತ್ತೆ ಒತ್ತುತ್ತಿದ್ದಳು. ಹಿಂದೆ ಹೋಗಿ ನಿಂತೆ. ಈ ಸಲ ಹೊಗೆ ಎದ್ದದ್ದೇ ಹೆಬ್ಬೆರಳು ಇಳಿಯಿತು. ಸದ್ದು ಆಮೇಲೆ ಬಂತು. ‘ಸರಿಯಾದ ಸಮಯ’ ಎಂದು ಹಸಿರು ಅಕ್ಷರ ಮೂಡಿತು.

ಅವಳು ನನ್ನ ಕಡೆ ತಿರುಗಲಿಲ್ಲ.

“ಇಷ್ಟೇನಾ?” ಎಂದಳು.

“ಇಷ್ಟೇ” ಎಂದೆ.