ಪರದೆಯ ಮುಂದೆ ಒಡೆದ ಕಾಯಿ

ಗೋಡೆಗೆ ಒರಗಿಸಿ ಕೂಡಿಸಿದ್ದ, ತೀರಿಹೋದ ಗಂಡ ಚಿನ್ನಪ್ಪನ ಹಣೆಗೆ ಹಂಪಮ್ಮ ವಿಭೂತಿ ಬಳಿಯುತ್ತಿದ್ದಾಗ ಬಾಗಿಲಲ್ಲಿ ಮಾತು ಜೋರಾಯಿತು.

“ಅಲ್ಲೇ ನಿಂದ್ರು ಅಮೀರ. ಒಳಗ ಬರಬ್ಯಾಡ,” ಎಂದ ದೊಡ್ಡಬಸಪ್ಪ. ಕುರುಗೋಡಿನ ಹಿರಿಯ ಅವನು.

“ಮುಖ ನೋಡಿ ಹೋಗಾಕ ಬಂದೀನ್ರಿ. ಸಿರುಗುಪ್ಪದಿಂದ ಮೊದಲನೇ ಬಸ್ಸು ಹಿಡಿದು ಬಂದೆ.” ಅಮೀರಸಾಬನ ಕೈಯಲ್ಲಿ ಹೂವಿನ ಹಾರವಿತ್ತು.

“ದೇವಿನ್ನ ಮಂತ್ರವಾದಿ ಮುಂದ ಕುಣಿಸಿದ ಸಿನಿಮಾ ತಂದಾಂವ ನೀನು. ನಿನ್ನ ಡೇರೆ ಕೀಳಿಸಿದಾಂವ ಚಿನ್ನಪ್ಪ. ಧರ್ಮ ಉಳಿಸಿದ ಮನಶ್ಯಾಗ ನೀ ಹೆಂಗ ಹಾರ ಹಾಕ್ತಿ?”

ಭಜನೆಯವರ ನಡುವಿನಿಂದ ಅಂಜಿನಪ್ಪ, “ಆ ಸಿನಿಮಾಕ್ಕ ಮೊದಲನೇ ಸಾಲಿನಾಗ ನೀವ ಕುಂತಿದ್ರಲ್ಲ ಗೌಡ್ರ,” ಎಂದು ಗೊಣಗಿದ. ಪಕ್ಕದವರು ನಗು ನುಂಗಿದರು.

ಹಂಪಮ್ಮ ವಿಭೂತಿಯ ಇನ್ನೊಂದು ಗೆರೆ ಎಳೆದಳು.

*

ಹಿಂದೆಲ್ಲ ಹೊಲದ ಕೆಲಸ ಮುಗಿದ ಮೇಲೆ ಮಂದಿ ಚಿನ್ನಪ್ಪನ ಮನೆಯ ಕಟ್ಟೆಗೆ ಬರುತ್ತಿದ್ದರು. ಬಳ್ಳಾರಿಯಿಂದ ತಂದ ಮಾಯಾಮಂತ್ರದ ಕಾದಂಬರಿಯೊಂದನ್ನು ಅವನು ವರ್ಷಗಟ್ಟಲೆ ಓದಿ ಹೇಳಿದ. ಮಂತ್ರವಾದಿ ದೇವಿಯನ್ನು ಒಲಿಸಿ ಕುಣಿಸುವ ಪುಟ ಬಂದರೆ ದನಿ ತಗ್ಗಿಸುತ್ತಿದ್ದ. ಜನ ಹತ್ತಿರ ಸರಿಯುತ್ತಿದ್ದರು. ಎಲ್ಲರಿಗಿಂತ ಮುಂದೆ ಅಮೀರಸಾಬ್.

ಅದೇ ಕಾದಂಬರಿ ತೆಲುಗಿನಲ್ಲಿ ಸಿನಿಮಾ ಆಯಿತು. ಐವತ್ತೊಂದನೇ ಇಸವಿಯ ಸುಗ್ಗಿಯಲ್ಲಿ ಅಮೀರಸಾಬನೇ ಅದನ್ನು ಊರಿಗೆ ತಂದು ಡೇರೆ ಹಾಕಿದ. ಪರದೆಯ ಮೇಲೆ ದೇವಿ ಮೂಡಿದಾಗ ಹೆಂಗಸರು ಎದ್ದು ಕರ್ಪೂರ ಹಚ್ಚಿ ಕಾಯಿ ಒಡೆದರು. ಹಂಪಮ್ಮನೂ ಒಡೆದಳು. ಮನೆಗೆ ಬಂದು, ಖಾಲಿ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ ಗಂಡನಿಗೆ ಹೇಳಿದಳು: “ನೀವು ಓದೂದು ಬರೇ ಮಾತು. ಅಲ್ಲಿ ಕಣ್ಣಿಗೆ ಕಾಣ್ತೈತಿ.”

“ಕಾಯಿ ಒಡದ್ಯಾ?”

“ಎಲ್ಲಾರೂ ಒಡದ್ರು.”

“ನನ್ನ ಮುಂದ ಯಾರರ ಒಂದಿನ ಒಡದಾರೇನು?”

ಅವಳು ನಕ್ಕುಬಿಟ್ಟಳು. ಅವನು ಉಣ್ಣಲಿಲ್ಲ. ಬೆಳಗಾಗುತ್ತಲೇ ದೊಡ್ಡಬಸಪ್ಪನಲ್ಲಿಗೆ ಹೋಗಿ, ಬಟ್ಟೆಯ ಪರದೆಗೆ ಪೂಜೆ ನಡೆದಿದೆ, ದೇವಿಯ ಮಾನ ಹೋಯಿತು ಎಂದ. ಸಂಜೆಯೊಳಗೆ ಡೇರೆ ಕಿತ್ತರು. ಅಮೀರಸಾಬ್ ಸಿರುಗುಪ್ಪ ಸೇರಿದ. ಮಂದಿ ಮರಳಿ ಕಟ್ಟೆಗೆ ಬಂದರು, ಚಿನ್ನಪ್ಪ ಮತ್ತೆ ಓದಿದ. ಸಿನಿಮಾದ ಮಾತು ಯಾರಾದರೂ ಎತ್ತಿದರೆ ಮಾತ್ರ ಪುಸ್ತಕ ಮುಚ್ಚಿ ಒಳಗೆ ಹೋಗುತ್ತಿದ್ದ.

*

“ಅಣ್ಣಾರ,” ಎಂದಳು ಹಂಪಮ್ಮ ದೊಡ್ಡಬಸಪ್ಪನಿಗೆ, ವಿಭೂತಿಯ ಕೈ ಒರೆಸಿಕೊಳ್ಳುತ್ತ. “ಆ ಕುಣಿತ ಪುಸ್ತಕದಾಗೂ ಐತಿ. ನಮ್ಮ ಕಟ್ಟಿ ಮ್ಯಾಲ ಕುಂತು ಎಷ್ಟು ಸಲ ಕೇಳೀರಿ. ಆವಾಗ ಯಾರರ ಎದ್ದು ಹೋದ್ರೇನು?”

ದೊಡ್ಡಬಸಪ್ಪ ಅವಳ ಕಡೆ ತಿರುಗಿದ. “ಹೆಣದ ಮುಂದ ಇದೇನು ಮಾತವ್ವ? ಗಂಡನ ಹೆಸರು ನೀನ ಕೆಡಿಸಬ್ಯಾಡ. ಧರ್ಮ ಕಾದಾಂವ ಅಂತ ಊರು ನೆನಸ್ತೈತಿ.”

“ಊರು ನೆನಸೂದು ಬ್ಯಾರೆ ಯಾರನ್ನೋ. ಇವರಿಗೆ ದೇವಿ ಚಿಂತಿ ಇರಲಿಲ್ಲರಿ. ಹೊಟ್ಟಿಕಿಚ್ಚಿತ್ತು. ಕಡೀತನಕ ಆರಲಿಲ್ಲ.” ಅವಳು ಬಾಗಿಲ ಕಡೆ ತಿರುಗಿದಳು. “ಅಮೀರ, ಬಾರಪ್ಪ.”

ದೊಡ್ಡಬಸಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಟುಹೋದ.

ಹೆಣ ಕೂಡಿಸಿದ ಬಿದಿರಿನ ವಿಮಾನ ಎತ್ತುವಾಗ ದೊಡ್ಡಬಸಪ್ಪ ಹೆಗಲು ಕೊಡಬೇಕಿದ್ದ ಮೂಲೆ ಖಾಲಿ ಉಳಿಯಿತು. ಯಾರೂ ಕರೆಯಲಿಲ್ಲ, ಯಾರೂ ತಡೆಯಲೂ ಇಲ್ಲ. ಅಮೀರಸಾಬ್ ಬಂದು ಹೆಗಲು ಕೊಟ್ಟ. ಅವನು ಉಳಿದವರಿಗಿಂತ ಗಿಡ್ಡ. ವಿಮಾನ ಆ ಮೂಲೆಗೆ ತಗ್ಗಿತು. ಒಳಗೆ ಕುಳಿತಿದ್ದ ಚಿನ್ನಪ್ಪನ ರುಮಾಲಿನ ತಲೆ ಮೆಲ್ಲಗೆ ವಾಲಿ, ಅಮೀರಸಾಬನ ಕಿವಿಯ ಕಡೆಗೆ ಬಾಗಿ ನಿಂತಿತು.